ಡಯಾಲಿಸಿಸ್ ರೋಗಿಗಳ ತುರಿಕೆಗೆ ಬಾಳೆದಿಂಡಿನ ರಸ ಮದ್ದೇ?

"ರಕ್ತ ಕೆಟ್ಟಿದೆ, ಅದಕ್ಕೇ ಮೈ ತುರಿಕೆ. ಬಾಳೆದಿಂಡಿನ ರಸ, ಎಳನೀರು ಕುಡಿಸಿ, ರಕ್ತ ಶುದ್ಧಿಯಾಗುತ್ತದೆ." ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಯಾರಾದರೂ ಹೀಗೆ ಹೇಳಿದರೆ ದಯವಿಟ್ಟು ಪಾಲಿಸಬೇಡಿ. ಇದು ಜೀವಕ್ಕೇ ಅಪಾಯ ತರಬಹುದು.

ಅಪಾಯ ಏಕೆ?

ಬಾಳೆದಿಂಡು, ಎಳನೀರು ಎರಡರಲ್ಲೂ ಪೊಟ್ಯಾಸಿಯಂ ಹೆಚ್ಚು. ಆರೋಗ್ಯವಂತರ ಕಿಡ್ನಿ ಅದನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಕಿಡ್ನಿ ಕೈಕೊಟ್ಟವರಲ್ಲಿ ಅದರ ಬಹುಪಾಲು ಮುಂದಿನ ಡಯಾಲಿಸಿಸ್‌ವರೆಗೆ ದೇಹದಲ್ಲೇ ಉಳಿಯುತ್ತದೆ. ರಕ್ತದಲ್ಲಿ ಅದು ಮಿತಿಮೀರಿದರೆ ಹೃದಯ ಬಡಿತ ಏರುಪೇರಾಗಿ ನಿಂತೇ ಹೋಗಬಹುದು.

ಹಾಗಾದರೆ ತುರಿಕೆ ಬರುವುದೇಕೆ?

ಡಯಾಲಿಸಿಸ್ ರೋಗಿಗಳಲ್ಲಿ ಇದು ತೀರಾ ಸಾಮಾನ್ಯ ತೊಂದರೆ. ಹಲವರಿಗೆ ಚರ್ಮದ ಮೇಲೆ ಗುಳ್ಳೆಯೇ ಇರುವುದಿಲ್ಲ, ಆದರೂ ರಾತ್ರಿ ನಿದ್ದೆ ಬರದಷ್ಟು ತುರಿಸುತ್ತದೆ. ಕಾರಣ ಒಂದೇ ಅಲ್ಲ: ಒಣ ಚರ್ಮ, ಸಾಲದ ಡಯಾಲಿಸಿಸ್, ರಕ್ತದಲ್ಲಿ ಹೆಚ್ಚಿದ ರಂಜಕ, ದೇಹದೊಳಗಿನ ಉರಿಯೂತ, ನರಗಳಲ್ಲಾಗುವ ಬದಲಾವಣೆ. ಇದು ಅಂಟುರೋಗವಲ್ಲ, ಕೊಳಕಿನಿಂದ ಬಂದದ್ದೂ ಅಲ್ಲ.

ಏನು ಮಾಡಬಹುದು?

• ಉಗುರುಬೆಚ್ಚಗಿನ ನೀರಿನಲ್ಲಿ ಬೇಗ ಸ್ನಾನ ಮುಗಿಸಿ. ಮೈ ಒದ್ದೆ ಇರುವಾಗಲೇ ಸುವಾಸನೆಯಿಲ್ಲದ ಮಾಯಿಶ್ಚರೈಸರ್ ಹಚ್ಚಿ.
• ಉಗುರು ಕತ್ತರಿಸಿಕೊಳ್ಳಿ. ಫಿಸ್ಟುಲಾ ಇರುವ ಕೈಯನ್ನು ಕೆರೆದುಕೊಳ್ಳಬೇಡಿ. ಗಾಯವಾದರೆ ಸೋಂಕು ತಗಲಬಹುದು.
• ಡಯಾಲಿಸಿಸ್ ತಪ್ಪಿಸಬೇಡಿ, ಅರ್ಧಕ್ಕೆ ಏಳಬೇಡಿ.
• ರಂಜಕ ತಗ್ಗಿಸುವ ಮಾತ್ರೆ ಕೊಟ್ಟಿದ್ದರೆ ಊಟದ ಜೊತೆಗೇ ತೆಗೆದುಕೊಳ್ಳಿ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಆಹಾರದ ರಂಜಕವನ್ನು ಅದು ಹಿಡಿಯಲಾರದು. ಕೋಲಾ, ಪ್ಯಾಕೆಟ್ ತಿಂಡಿ ಕಡಿಮೆ ಮಾಡಿ.

ಮಾತ್ರೆ ಇಲ್ಲವೇ?

ಇದೆ. ಮೆಡಿಕಲ್ ಶಾಪ್‌ನಲ್ಲಿ ಸಿಗುವ ಅಲರ್ಜಿ ಮಾತ್ರೆ ಈ ತುರಿಕೆಗೆ ಅಷ್ಟಾಗಿ ಕೆಲಸ ಮಾಡುವುದಿಲ್ಲ, ಮಂಪರು ಮಾತ್ರ ಬರಬಹುದು. ಗ್ಯಾಬಪೆಂಟಿನ್ ಹಲವರಿಗೆ ಆರಾಮ ಕೊಡುತ್ತದೆ. ಆದರೆ ಅದು ದೇಹದಿಂದ ಹೊರಹೋಗುವುದು ಕಿಡ್ನಿಯ ಮೂಲಕವೇ. ಆದ್ದರಿಂದ ಡಯಾಲಿಸಿಸ್ ರೋಗಿಗಳಿಗೆ ತೀರಾ ಕಡಿಮೆ ಪ್ರಮಾಣ ಸಾಕು. ಹೆಚ್ಚಾದರೆ ತಲೆಸುತ್ತು, ಗೊಂದಲ. ವೈದ್ಯರು ಬರೆದುಕೊಡದೆ ನುಂಗಬೇಡಿ. ಇದೇ ತುರಿಕೆಗೆಂದು ತಯಾರಾದ ಡೈಫೆಲಿಕೆಫಾಲಿನ್ ಇಂಜೆಕ್ಷನ್‌ಗೆ 2021ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದೆ.

ತಕ್ಷಣ ಹೇಳಬೇಕಾದದ್ದು

ಡಯಾಲಿಸಿಸ್ ನಡೆಯುವಾಗಲೇ ಹಠಾತ್ತಾಗಿ ತುರಿಕೆ ಶುರುವಾಗಿ, ದದ್ದು, ಮುಖ ಊತ ಅಥವಾ ಉಸಿರಾಟದ ತೊಂದರೆ ಕಂಡರೆ ಕೂಡಲೇ ಸಿಬ್ಬಂದಿಯನ್ನು ಕರೆಯಿರಿ. ಅದು ಅಲರ್ಜಿ ಇರಬಹುದು.

ನಮ್ಮ ಮಾತು ಇಷ್ಟೇ: "ತುರಿಕೆ ತಾನೇ" ಎಂದು ಸಹಿಸಿಕೊಂಡು ಕೂರಬೇಡಿ, ಮುಂದಿನ ಡಯಾಲಿಸಿಸ್‌ಗೆ ಹೋದಾಗ ಬಾಯಿಬಿಟ್ಟು ಹೇಳಿ. ರಸ, ಕಷಾಯದ ಸಲಹೆ ಬಂದರೆ ಅದನ್ನು ಮುಂದಕ್ಕೆ ಕಳಿಸಬೇಡಿ.