ಚಪ್ಪರದ ಹೊರಗೆ ಕೂತು ಕೇಳಿದವರು

ರಾಮನವಮಿ ಸಂಗೀತೋತ್ಸವದ ಹಳೆಯ ಆಹ್ವಾನಪತ್ರಿಕೆಗಳನ್ನು ಜೋಪಾನವಾಗಿ ಎತ್ತಿಟ್ಟುಕೊಂಡ ಮನೆಗಳು ಬೆಂಗಳೂರಿನಲ್ಲಿ ಈಗಲೂ ಇವೆ. ಹಳದಿಗೆ ತಿರುಗಿದ ಆ ಕಾಗದಗಳಲ್ಲಿ ಯಾವ ದಿನ ಯಾರ ಗಾಯನ, ಪಿಟೀಲು ಯಾರದು, ಮೃದಂಗ ಯಾರದು ಎಂಬುದೆಲ್ಲ ಸಿಗುತ್ತದೆ. ಕೇಳಲು ಯಾರು ಬಂದಿದ್ದರು, ಎಲ್ಲಿಂದ ಬಂದರು, ಎಲ್ಲಿ ಕೂತರು, ಬಾಯಾರಿದಾಗ ಅವರಿಗೆ ಯಾರು ಏನು ಕೊಟ್ಟರು ಎಂಬುದು ಮಾತ್ರ ಸಿಗುವುದಿಲ್ಲ. ನಮ್ಮ ಬೇಸಿಗೆಯ ಹಬ್ಬಗಳ ಚರಿತ್ರೆಯೆಂದರೆ ಏರ್ಪಡಿಸಿದವರ ಮತ್ತು ಹಾಡಿದವರ ಚರಿತ್ರೆ. ಬಂದುಹೋದವರು ಅದರಲ್ಲಿ ‘ಕಿಕ್ಕಿರಿದ ಜನ’ ಎಂಬ ಒಂದೇ ಮಾತಿನೊಳಗೆ ಮುಗಿದುಹೋಗುತ್ತಾರೆ. ಆ ಬಂದುಹೋದವರ ಕಡೆಯಿಂದ ಬೆಂಗಳೂರಿನ ಬಡಾವಣೆಗಳ ರಾಮನವಮಿಯನ್ನು ನೋಡಬಹುದೇ ಎಂಬುದು ನನ್ನ ಪ್ರಶ್ನೆ. ನಾನು ಈ ಪ್ರಶ್ನೆ ಕೇಳುವುದಕ್ಕೆ ಕಾರಣ ಸರಳ. ನಮ್ಮ ಮನೆಯವರೆಲ್ಲ ಕಾಟನ್‌ಪೇಟೆಯವರು. ಬಡಾವಣೆಯ ರಾಮನವಮಿಗೆ ನಾವು ಯಾವಾಗಲೂ ಹೊರಗಿನಿಂದ ಹೋದವರೇ.

ಮೊದಲು ಪೇಟೆಯ ಹಬ್ಬದ ರೀತಿ ಹೇಳಬೇಕು. ಪೇಟೆಯ ದೊಡ್ಡ ಬೇಸಿಗೆ ಹಬ್ಬ ಕರಗ. ಚೈತ್ರದ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಹೊರಡುವ ಕರಗ, ವೀರಕುಮಾರರ ಕತ್ತಿಗಳ ನಡುವೆ ಬೀದಿಬೀದಿ ಸುತ್ತುತ್ತದೆ, ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿಬರುತ್ತದೆ. ಇಲ್ಲಿ ಹಬ್ಬವೇ ನಡೆದುಕೊಂಡು ನಿಮ್ಮ ಬಾಗಿಲಿಗೆ ಬರುತ್ತದೆ. ಅದು ಹಾದುಹೋಗುವ ಬೀದಿಯಲ್ಲಿ ಮನೆ ಇದ್ದವರೆಲ್ಲ ಅತಿಥೇಯರು. ನಮ್ಮ ಅಜ್ಜಿ ಆ ರಾತ್ರಿಗೆ ಮಾಗಡಿ ಕಡೆಯ ನೆಂಟರಿಗೆಲ್ಲ ಹಾಸಿಗೆ ಹೊಂದಿಸುತ್ತಿದ್ದರು. ಮಾಳಿಗೆಯ ಮೇಲೆ ಕಾಲಿಡಲು ಜಾಗ ಇರುತ್ತಿರಲಿಲ್ಲ. ಗುರುತಿಲ್ಲದವರು ಬಂದು “ಅಮ್ಮಾ, ಮೇಲೆ ನಿಂತ್ಕೊಂಡು ನೋಡ್ಲಾ?” ಎಂದರೆ ಇಲ್ಲ ಎನ್ನುವ ರೂಢಿ ಇರಲಿಲ್ಲ. ಕರಗಕ್ಕೆ ಆರು ದಿನ ಮುಂಚೆ, ಚೈತ್ರ ಶುದ್ಧ ನವಮಿಯಂದು ರಾಮನವಮಿ. ಒಂದೇ ವಾರದೊಳಗೆ, ಒಂದೂವರೆ ಮೈಲಿಯ ಅಂತರದೊಳಗೆ, ಅಜ್ಜಿ ಒಂದು ಹಬ್ಬಕ್ಕೆ ಹೋಗುವವರಾಗಿ, ಇನ್ನೊಂದಕ್ಕೆ ಬರಮಾಡಿಕೊಳ್ಳುವವರಾಗಿ ಇರುತ್ತಿದ್ದರು.

ಬಡಾವಣೆಗಳ ಹುಟ್ಟು ಬೇರೆ ಥರದ್ದು. ಕೋಟೆಯ ಪಕ್ಕದಲ್ಲಿ ಚಾಮರಾಜಪೇಟೆ 1892ರಲ್ಲಿ ರೂಪುಗೊಂಡಿತು. ಆಗಿನ ಮಹಾರಾಜ ಚಾಮರಾಜೇಂದ್ರ ಒಡೆಯರ ಹೆಸರೇ ಅದಕ್ಕೆ. 1898ರಲ್ಲಿ ಪ್ಲೇಗು ಬಂತು. ಇಕ್ಕಟ್ಟಾದ ಪೇಟೆಯಲ್ಲಿ ಜನ ಸಾಯತೊಡಗಿದಾಗ ಬಸವನಗುಡಿ, ಮಲ್ಲೇಶ್ವರದ ಕೆಲಸ ಬಿರುಸಾಯಿತು. ನೇರವಾದ ರಸ್ತೆ, ಗಾಳಿ ಬೆಳಕು ಬರುವ ನಿವೇಶನ, ಎರಡು ಮನೆಸಾಲುಗಳ ಹಿತ್ತಿಲ ನಡುವೆ ಹಾದುಹೋಗುವ ಕನ್ಸರ್ವೆನ್ಸಿ ಓಣಿ. ರೋಗ ಬರಬಾರದೆಂಬ ಲೆಕ್ಕಾಚಾರ ಇದರಲ್ಲೆಲ್ಲ ಇತ್ತು. ಕಚೇರಿ ಗುಮಾಸ್ತರು, ಮೇಷ್ಟ್ರುಗಳು, ವಕೀಲರು ಬೇರೆ ಬೇರೆ ಊರುಗಳಿಂದ ಬಂದು ಮನೆ ಕಟ್ಟಿದರು. ನಿವೇಶನ ಹಂಚುವಾಗ ಜಾತಿವಾರು ಭಾಗಗಳನ್ನು ಗುರುತಿಸಿದ್ದೂ ಉಂಟು. ಹೀಗೆ ಒಂದೇ ಸಾಲಿನಲ್ಲಿ ಮನೆ ಕಟ್ಟಿಕೊಂಡವರಿಗೆ ಒಂದೇ ಗ್ರಾಮದೇವತೆ ಇರಲಿಲ್ಲ, ತಲೆತಲಾಂತರದ ಜಾತ್ರೆ ಇರಲಿಲ್ಲ, ತೇರು ಇರಲಿಲ್ಲ. ನೆರೆಹೊರೆ ಎಂಬುದನ್ನು ಅವರು ಹೊಸದಾಗಿ ಮಾಡಿಕೊಳ್ಳಬೇಕಿತ್ತು.

ರಾಮನವಮಿ ಇದಕ್ಕೆ ಹೇಳಿ ಮಾಡಿಸಿದಂತಿತ್ತು. ಅದಕ್ಕೆ ಗುಡಿ ಬೇಕೇ ಬೇಕು ಎಂದಿಲ್ಲ. ನಾಲ್ಕು ಕಂಬ ನೆಟ್ಟು, ತೆಂಗಿನ ಗರಿ ಹೊದಿಸಿ, ಪಟ್ಟಾಭಿಷೇಕದ ಒಂದು ಪಟ ಇಟ್ಟರೆ ಸಾಕು. ಯುಗಾದಿಯಿಂದ ನವಮಿಯವರೆಗಿನ ಗರ್ಭೋತ್ಸವ, ನವಮಿಯಿಂದ ಮುಂದಿನ ಜನ್ಮೋತ್ಸವ ಎಂದು ಅದನ್ನು ಎಷ್ಟು ದಿನ ಬೇಕಾದರೂ ಎಳೆಯಬಹುದು. ಮಕ್ಕಳ ಪರೀಕ್ಷೆ ಮುಗಿಯುವ ಕಾಲ, ಶಾಲೆಯ ಬಯಲು ಖಾಲಿ ಬಿದ್ದಿರುವ ಕಾಲ. ಬೇಸಿಗೆಯ ರಾತ್ರಿ ಹೇಗೂ ಮನೆಯೊಳಗೆ ನಿದ್ದೆ ಬಾರದು. 1905ರಲ್ಲಿ ಬೆಂಗಳೂರಿಗೆ ಶಿವನಸಮುದ್ರದ ವಿದ್ಯುತ್ತು ಬಂದ ಮೇಲೆ ರಾತ್ರಿ ಹೊತ್ತು ಹೊರಗೆ ಕೂರುವುದು ಇನ್ನಷ್ಟು ಸಲೀಸಾಯಿತು. ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರು ಕಟ್ಟಿಸಿದ ಪ್ರಸನ್ನ ಸೀತಾರಾಮ ಮಂದಿರ ರಾಮೋತ್ಸವದ ಕಚೇರಿಗಳಿಗೆ ಹೆಸರಾಯಿತು. ಹಾಡುವವರು ಒಂದು ಚಪ್ಪರದಿಂದ ಇನ್ನೊಂದಕ್ಕೆ ಹೋಗುತ್ತಿದ್ದರೆ, ಕೇಳುವವರೂ ಹಾಗೇ ಹೋಗುತ್ತಿದ್ದರು.

ಕೇಳುವವರಿಗೆ ಪಾನಕ ಕೊಡುತ್ತಿದ್ದರು. ನೀರು ಮಜ್ಜಿಗೆ, ಹೆಸರುಬೇಳೆ ಕೋಸಂಬರಿ, ಕೆಲವು ಮನೆಗಳಲ್ಲಿ ಒಂದು ಬೀಸಣಿಗೆ. ಬೆಲ್ಲ, ನಿಂಬೆಹುಳಿ, ಮೆಣಸು, ಏಲಕ್ಕಿ, ಶುಂಠಿಯ ಆ ಪಾನಕಕ್ಕೆ ಒಂದು ಹಿಂದಿನ ಕಥೆಯಿದೆ. ಕನ್ನಡ ನಾಡಿನ ಶಾಸನಗಳಲ್ಲಿ ಕೆರೆ, ಬಾವಿ, ಛತ್ರಗಳ ಜೊತೆಗೆ ಅರವಟ್ಟಿಗೆಗೂ ದತ್ತಿ ಬಿಟ್ಟದ್ದನ್ನು ಕಾಣುತ್ತೇವೆ. ದಾರಿಹೋಕರಿಗೆ ಬೇಸಿಗೆಯಲ್ಲಿ ನೀರು ಕೊಡುವ ತಾಣ ಅದು. ಅದರ ಒಳಗಿರುವ ‘ಅಱ’ ಎಂದರೆ ಧರ್ಮ. ಅರವಟ್ಟಿಗೆಯ ಮುಖ್ಯ ಲಕ್ಷಣವೆಂದರೆ ನೀರು ಕುಡಿಯುವವನು ಪರಿಚಿತನಾಗಿರಬೇಕಿಲ್ಲ. ಅವನು ಮರಳಿ ಏನನ್ನೂ ಕೊಡುವಂತಿಲ್ಲ, ಬಹುಶಃ ಮತ್ತೆ ಆ ದಾರಿಯಲ್ಲಿ ಬರುವುದೂ ಇಲ್ಲ. ಬಡಾವಣೆಯ ಪಾನಕದ ಕೊಳದಪ್ಪಲೆ ಈ ಅರವಟ್ಟಿಗೆಯ ಮೊಮ್ಮಗ ಎಂದು ನನಗೆ ಅನಿಸುತ್ತದೆ.

ಆದರೆ ಧರ್ಮದ ನೀರನ್ನು ಕೊಡುವ ಕೈಗೂ ಒಂದು ಎತ್ತರ ಇರುತ್ತದೆ. ಹಿಂದೆ ಪಾನಕವನ್ನು ಬೊಗಸೆಗೆ ಹೊಯ್ಯುವ ಪದ್ಧತಿ ಇತ್ತು. ಪಾತ್ರೆ ಕಡಿಮೆ ಇದ್ದಾಗ ಅದು ಅನುಕೂಲ. ಜೊತೆಗೆ ಅದು ಮಡಿಯ ಕ್ರಮವೂ ಹೌದು, ಯಾರನ್ನು ಮುಟ್ಟಬಾರದೋ ಅವರಿಗೆ ನೀರು ಕೊಡುತ್ತಿದ್ದ ಕ್ರಮವೂ ಹೌದು. ಅಜ್ಜಿ ಐವತ್ತರ ದಶಕದಲ್ಲಿ ಮದುವೆಯಾಗಿ ಬೆಂಗಳೂರಿಗೆ ಬಂದವರು. ತಾತ ಬಟ್ಟೆ ಗಿರಣಿಯಲ್ಲಿ ಕೆಲಸಕ್ಕಿದ್ದರು. ರಾಮನವಮಿಯ ಸಂಜೆ ಕಾಟನ್‌ಪೇಟೆಯಿಂದ ಚಾಮರಾಜಪೇಟೆಗೆ ನಡೆದು ಹೋಗುವಾಗ ದಾರಿಯುದ್ದಕ್ಕೂ ಮನೆಗಳ ಮುಂದೆ ಪಾನಕ ಹಂಚುತ್ತಿದ್ದರಂತೆ. ಅದರ ಬಗ್ಗೆ ಅಜ್ಜಿ ಒಂದೇ ಒಂದು ಮಾತು ಹೇಳಿದ್ದರು: “ಲೋಟ ಕೊಟ್ಟಿದ್ದ ಮನೆ ಯಾವ್ದು, ಬೊಗಸೆಗೆ ಹುಯ್ದಿದ್ದ ಮನೆ ಯಾವ್ದು, ಇವತ್ತಿಗೂ ನಂಗೆ ಗೊತ್ತಪ್ಪ.” ಸಿಟ್ಟಿನಿಂದೇನೂ ಹೇಳಲಿಲ್ಲ. ಸೊಪ್ಪು ಬಿಡಿಸುತ್ತಾ ಹೇಳಿದರು. ಪಾನಕ ಎರಡೂ ಕಡೆ ಸಿಹಿಯಾಗಿಯೇ ಇತ್ತು ಎಂದೂ ಸೇರಿಸಿದರು. ಯಾವ ಆಹ್ವಾನಪತ್ರಿಕೆಯಲ್ಲೂ ಸಿಗದ ಚರಿತ್ರೆ ಎಂದು ನಾನು ಹೇಳಿದ್ದು ಇದನ್ನೇ. ಮುಂದೆ ಸ್ಟೀಲ್ ಲೋಟಗಳು ಬಂದವು, ಅವುಗಳ ಹಿಂದೆ ಪ್ಲಾಸ್ಟಿಕ್ಕು, ಈಗ ಪೇಪರ್ ಲೋಟ. ಎಲ್ಲರಿಗೂ ಒಂದೇ ಲೋಟ ಬಂದದ್ದು ಮನಸ್ಸು ಬದಲಾದದ್ದರಿಂದಲೋ, ಕುಡಿದ ಮೇಲೆ ಲೋಟ ತೊಳೆಯಬೇಕಾಗಿಲ್ಲದ್ದರಿಂದಲೋ? ಎರಡರ ಪಾಲೂ ಇರಬೇಕು.

ಕಿವಿಯ ವಿಷಯದಲ್ಲಿ ಇಂಥ ಅಂತರವನ್ನು ದಾಟುವುದು ಸ್ವಲ್ಪ ಸುಲಭವಾಗಿತ್ತು. ಧ್ವನಿವರ್ಧಕಗಳಿಲ್ಲದ ಕಾಲದಲ್ಲಿ ಕಚೇರಿಯೆಂದರೆ ಮುಂದೆ ಕೂತವರದು. ಬಿಡಾರಂ ಕೃಷ್ಣಪ್ಪನವರ ಶಿಷ್ಯ ಟಿ. ಚೌಡಯ್ಯನವರು ನಾಲ್ಕು ತಂತಿಯ ಪಿಟೀಲಿಗೆ ಮೂರು ತಂತಿ ಸೇರಿಸಿ ಏಳು ತಂತಿಯದನ್ನು ರೂಢಿಗೆ ತಂದದ್ದು ನಾದ ದೊಡ್ಡದಾಗಲಿ, ಹಿಂದಿನ ಸಾಲಿನವರಿಗೂ ಮುಟ್ಟಲಿ ಎಂಬ ಕಾರಣಕ್ಕೆ. ಸಂಗೀತದ ಚರಿತ್ರೆ ಬರೆಯುವವರು ಇದನ್ನು ವಾದ್ಯದ ಕಥೆಯಾಗಿ ಹೇಳುತ್ತಾರೆ. ನನಗದು ಕೇಳುಗನ ಕಥೆಯಾಗಿಯೂ ಕಾಣುತ್ತದೆ. ಹಿಂದಿನ ಸಾಲಿನಲ್ಲಿ ಯಾರೋ ಇದ್ದಾರೆ, ಅವರಿಗೆ ಕೇಳಿಸುತ್ತಿಲ್ಲ ಎಂದು ವೇದಿಕೆಯ ಮೇಲಿದ್ದವರೊಬ್ಬರಿಗೆ ಅನಿಸಿತು, ಅಷ್ಟಕ್ಕಾಗಿ ವಾದ್ಯವೇ ಬದಲಾಯಿತು. ಆಮೇಲೆ ಮೈಕು ಬಂದು ಕೇಳುಗರ ಗಡಿಯನ್ನು ಚಪ್ಪರದ ಆಚೆಗೂ ಒಯ್ದಿತು.

ಚಾಮರಾಜಪೇಟೆಯಲ್ಲಿ ಶ್ರೀ ರಾಮಸೇವಾ ಮಂಡಳಿ ಶುರುವಾದದ್ದು 1939ರಲ್ಲಿ. ಶುರುಮಾಡಿದ ಎಸ್.ವಿ. ನಾರಾಯಣಸ್ವಾಮಿ ರಾವ್ ಆಗ ಇನ್ನೂ ಹದಿಹರೆಯದ ಹುಡುಗ. ಬಡಾವಣೆಯ ಹುಡುಗರ ಹಬ್ಬವಾಗಿ ಹುಟ್ಟಿದ್ದು ಬೆಳೆಯುತ್ತ ಹೋಗಿ ಕೋಟೆ ಹೈಸ್ಕೂಲಿನ ಬಯಲಿನಲ್ಲಿ ನೆಲೆಸಿತು. ಚೆಂಬೈ, ಎಂ.ಎಸ್. ಸುಬ್ಬುಲಕ್ಷ್ಮಿ, ಬಿಸ್ಮಿಲ್ಲಾ ಖಾನ್, ಭೀಮಸೇನ ಜೋಶಿ ಅಂಥವರು ಆ ಉತ್ಸವದಲ್ಲಿ ಹಾಡಿದರು, ನುಡಿಸಿದರು. ಬಿಸ್ಮಿಲ್ಲಾ ಖಾನರ ಶಹನಾಯಿ ರಾಮನವಮಿಯ ಚಪ್ಪರದಲ್ಲಿ ಮೊಳಗಿತು ಎಂಬುದನ್ನು ಇವತ್ತು ನಾವು ವಿಶೇಷವಾಗಿ ಎತ್ತಿ ಹೇಳುತ್ತೇವೆ. ಕರಗ ದರ್ಗಾಕ್ಕೆ ಹೋಗುವುದನ್ನು ವರ್ಷವರ್ಷವೂ ಕಂಡ ಪೇಟೆಯವರಿಗೆ ಅದು ಅಂಥ ಅಚ್ಚರಿಯ ಸಂಗತಿ ಆಗಿರಲಾರದು.

ಹಾಗೆಂದು ಎಲ್ಲ ಕಾಲಕ್ಕೂ ಎಲ್ಲ ಹಬ್ಬವೂ ಎಲ್ಲರನ್ನೂ ಕೂಡಿಸಿತು ಎಂದರೆ ಸುಳ್ಳಾಗುತ್ತದೆ. ಮಂಡಳಿ ಶುರುವಾಗುವುದಕ್ಕೆ 11 ವರ್ಷ ಮುಂಚೆ, 1928ರಲ್ಲಿ, ಅಲ್ಲಿಗೆ ಹತ್ತಿರದ ಸುಲ್ತಾನಪೇಟೆಯ ಶಾಲೆಯ ಆವರಣದಲ್ಲಿದ್ದ ಗಣೇಶನ ವಿಗ್ರಹದ ವಿಚಾರ ಗಲಭೆಗೆ ತಿರುಗಿತ್ತು. ಸರ್ಕಾರ ಸರ್ ಎಂ. ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿಯನ್ನು ನೇಮಿಸಬೇಕಾಯಿತು. ಅದೂ ಒಂದು ಶಾಲೆಯ ಅಂಗಳ, ಇದೂ ಒಂದು ಶಾಲೆಯ ಬಯಲು. ಬಯಲಿನಲ್ಲಿ ದೇವರನ್ನಿಟ್ಟ ಕೂಡಲೇ ಇಲ್ಲಿ ಯಾರು ಮನೆಯವರು, ಯಾರು ಹೊರಗಿನವರು ಎಂಬ ಪ್ರಶ್ನೆಯೂ ಬಂದು ನಿಲ್ಲುತ್ತದೆ. ಅದಕ್ಕೆ ಯಾವ ಉತ್ತರ ಸಿಗುತ್ತದೆ ಎಂಬುದು ಪ್ರತಿ ವರ್ಷ ಚಪ್ಪರ ಹಾಕುವವರ ಕೈಯಲ್ಲಿರುತ್ತದೆ.

ಕೋಟೆ ಹೈಸ್ಕೂಲಿನ ಚಪ್ಪರದೊಳಗಿನ ಕುರ್ಚಿಗೆ ಟಿಕೆಟ್ಟು. ಅಷ್ಟು ದೊಡ್ಡ ಉತ್ಸವ ಪಾನಕದ ಖರ್ಚಿನಲ್ಲಿ ನಡೆಯುವುದಿಲ್ಲವಾದ್ದರಿಂದ ಅದು ನ್ಯಾಯವೇ. ಆದರೆ ತೆಂಗಿನ ಗರಿ, ತಗಡು, ಶಾಮಿಯಾನದ ಬಟ್ಟೆ ಯಾವುದೂ ನಾದವನ್ನು ಒಳಗೆ ಕಟ್ಟಿಹಾಕಲಾರವು. ನಾನು ಹುಡುಗನಾಗಿದ್ದಾಗ ಅಜ್ಜಿಯ ಜೊತೆ ಹೋಗಿ ಕೂರುತ್ತಿದ್ದದ್ದು ಹೊರಗಡೆಯೇ. ವೃತ್ತಪತ್ರಿಕೆ ಹಾಸಿ ಕೂತವರು, ಸೈಕಲ್ಲಿಗೆ ಒರಗಿ ನಿಂತವರು, ಆಟೋ ಬದಿಗೆ ಹಾಕಿ ಸೀಟಿನ ಮೇಲೆ ಕಾಲು ಮಡಚಿ ಕೂತ ಡ್ರೈವರು, ಕಡಲೆಕಾಯಿ ಮಾರುತ್ತಲೇ ತಾಳ ಹಾಕುವವನು. ಹಾಡುವವರ ಮುಖ ನಮಗೆ ಕಾಣುತ್ತಿರಲಿಲ್ಲ. “ಒಳಗಿರೋರು ಬೀಸಣಿಗೆ ಬೀಸ್ಕೊಂಡು ಬೀಸ್ಕೊಂಡು ಸುಸ್ತಾಗ್ತಾರೆ, ನಮಗೆ ನೋಡು, ಗಾಳಿ ಪುಗಸಟ್ಟೆ” ಎಂದು ಅಜ್ಜಿ ನಗುತ್ತಿದ್ದರು. ಅವರಿಗೆ ರಾಗದ ಹೆಸರು ಗೊತ್ತಿರಲಿಲ್ಲ. “ಇದು ಹೋದ ವರ್ಷ ಮಳೆ ಬಂದಾಗ ಹಾಡಿದ್ದು” ಎಂದು ಹೇಳುತ್ತಿದ್ದರು. ಮೋಹನವೆಂದು ನಾನು ಕಲಿತದ್ದು ಬಹಳ ವರ್ಷಗಳ ಮೇಲೆ. ನನ್ನ ಮಟ್ಟಿಗೆ ಅದು ಈಗಲೂ ಮಳೆ ಬಂದಾಗ ಹಾಡಿದ್ದೇ.

ಹೊರಗೆ ಕೂತವರಲ್ಲಿ ಹೆಂಗಸರು ಹೆಚ್ಚು ಎಂಬುದನ್ನು ನಾನು ಆಗಲೇ ಗಮನಿಸಿದ್ದೆ. ಸಿನಿಮಾಕ್ಕಾದರೆ ಗಂಡಸರ ಜೊತೆ ಬೇಕು, ದುಡ್ಡು ಬೇಕು. ರಾಮನವಮಿಗೆ ಹೋಗಿಬರುತ್ತೇನೆ ಎಂದರೆ ಮನೆಯಲ್ಲಿ ಯಾರೂ ತಡೆಯುತ್ತಿರಲಿಲ್ಲ. ರಾತ್ರಿ ಒಂಬತ್ತೂವರೆಗೆ ನಾಲ್ಕೈದು ಜನ ಹೆಂಗಸರು ಮಾತಾಡಿಕೊಂಡು ಬೀದಿಯಲ್ಲಿ ನಡೆದು ಬರಲು ವರ್ಷದಲ್ಲಿ ಎಷ್ಟು ದಿನ ಸಿಗುತ್ತಿತ್ತು? ಆ ನಡಿಗೆಯನ್ನೂ ಹಬ್ಬದ ಲೆಕ್ಕಕ್ಕೇ ಹಾಕಬೇಕು.

2020ರ ರಾಮನವಮಿ ಲಾಕ್‌ಡೌನಿನ ಒಳಗೆ ಬಂತು. ಚಪ್ಪರಗಳು ಏಳಲಿಲ್ಲ, ಸಂಗೀತ ಮೊಬೈಲಿಗೆ ಬಂತು. ಒಂದು ಸಾಂಕ್ರಾಮಿಕದಿಂದ ಬೆಳೆದ ಬಡಾವಣೆಗಳ ಹಬ್ಬವನ್ನು ಇನ್ನೊಂದು ಸಾಂಕ್ರಾಮಿಕ ನಿಲ್ಲಿಸಿತ್ತು. ಆ ವರ್ಷಗಳು ಕಳೆದು ಚಪ್ಪರಗಳು ಮತ್ತೆ ಎದ್ದಿವೆ, ಜನ ಮತ್ತೆ ಬಂದಿದ್ದಾರೆ. ಆದರೆ ನಗರ ಈಗ ಚಾಮರಾಜಪೇಟೆಯನ್ನು ದಾಟಿ ಬಹಳ ದೂರ ಬೆಳೆದಿದೆ. ಇಂದಿನ ಹೊರವಲಯದ ಬಡಾವಣೆಯೆಂದರೆ ಗೇಟು ಇರುವ ಬಡಾವಣೆ. ಅಲ್ಲೂ ರಾಮನವಮಿ ಇದೆ, ಪಾನಕ ಇದೆ, ಮಕ್ಕಳ ಹಾಡು ಇದೆ. ನಾನೂ ಒಂದೆರಡು ಕಡೆ ನೆಂಟನಾಗಿ ಹೋಗಿದ್ದೇನೆ. ಗೇಟಿನಲ್ಲಿ ಹೆಸರು, ಮನೆ ನಂಬರು, ಮೊಬೈಲಿಗೆ ಬಂದ ಸಂಖ್ಯೆ ಹೇಳಿ ಒಳಗೆ ಹೋದರೆ ಆದರದ ಸ್ವಾಗತ, ಒಳ್ಳೆಯ ಕೋಸಂಬರಿ. ಒಳಗಿನವರು ಬೇರೆ ಬೇರೆ ಊರುಗಳಿಂದ ಬಂದು ನೆರೆಹೊರೆ ಕಟ್ಟಿಕೊಳ್ಳುತ್ತಿರುವವರು, ನೂರಿಪ್ಪತ್ತು ವರ್ಷ ಹಿಂದೆ ಬಸವನಗುಡಿಗೆ ಬಂದವರ ಹಾಗೆಯೇ. ಒಂದು ವ್ಯತ್ಯಾಸ ಮಾತ್ರ ಇದೆ. ಅಲ್ಲಿ ಚಪ್ಪರದ ಹೊರಗೆ ಯಾರೂ ಕೂತಿರುವುದಿಲ್ಲ. ಕೂರಲು ಹೊರಗೆ ಎಂಬುದೇ ಇಲ್ಲ. ಕರೆಯದೆ ಬರುವವರಿಗೆ ಜಾಗವಿಲ್ಲದ ಕಡೆ ಪಾನಕ ಎಷ್ಟೇ ರುಚಿಯಾಗಿರಲಿ, ಅದು ಅರವಟ್ಟಿಗೆಯ ವಂಶದ್ದಲ್ಲ, ಮನೆಯ ಊಟದ ವಂಶದ್ದು.

ಇದನ್ನು ಓದುತ್ತಿರುವ ವಿದ್ಯಾರ್ಥಿಗಳಿಗೆ ಒಂದು ಕೋರಿಕೆ ಇದೆ. ಸ್ಥಳೀಯ ಚರಿತ್ರೆಯ ಮೇಲೆ ಪ್ರಬಂಧ ಬರೆಯುವಾಗ ಸ್ಥಾಪಕರ ಹೆಸರು, ಕಲಾವಿದರ ಪಟ್ಟಿ ಬರೆದುಕೊಳ್ಳಿ, ಅವೂ ಬೇಕು. ಆಮೇಲೆ ನಿಮ್ಮ ಬೀದಿಯಲ್ಲಿ ಎಂಬತ್ತು ದಾಟಿದವರೊಬ್ಬರ ಬಳಿ ಹೋಗಿ ಮೂರು ಪ್ರಶ್ನೆ ಕೇಳಿ. ಹಬ್ಬಕ್ಕೆ ಎಲ್ಲಿಂದ ನಡೆದು ಬರುತ್ತಿದ್ದಿರಿ? ಎಲ್ಲಿ ಕೂರುತ್ತಿದ್ದಿರಿ? ಪಾನಕವನ್ನು ಯಾವುದರಲ್ಲಿ ಕೊಡುತ್ತಿದ್ದರು? ಉತ್ತರ ಕೊಡುವವರು ಹೆಚ್ಚು ವರ್ಷ ನಮ್ಮ ಜೊತೆ ಇರುವುದಿಲ್ಲ. ನಮ್ಮ ಅಜ್ಜಿ ಲೋಟದ ಮನೆಗಳನ್ನೂ ಬೊಗಸೆಯ ಮನೆಗಳನ್ನೂ ನೆನಪಿಟ್ಟುಕೊಂಡಿದ್ದರು, ಒಂದನ್ನೂ ಬೆರಳಿಟ್ಟು ತೋರಿಸದೆ ಹೋದರು. ಆ ಬೀದಿಗಳಲ್ಲಿ ಈಗ ಹಳೆಯ ಮನೆಗಳೂ ಹೆಚ್ಚು ಉಳಿದಿಲ್ಲ.