ಲಿಸ್ಬನ್ ಭೂಕಂಪ ಮತ್ತು ಧರ್ಮಕೇಂದ್ರದ ಗುರುಗಳ ಉತ್ತರಗಳು

1755ರ ನವೆಂಬರ್ 1, ಸಕಲ ಸಂತರ ಹಬ್ಬ. ಬೆಳಿಗ್ಗೆ ಒಂಬತ್ತೂವರೆ ದಾಟಿದ್ದ ಹೊತ್ತಿಗೆ ಲಿಸ್ಬನ್ ನಗರದ ದೇವಾಲಯಗಳು ಬಲಿಪೂಜೆಗೆ ಬಂದ ಭಕ್ತರಿಂದ ತುಂಬಿದ್ದವು. ಆಗ ನೆಲ ನಡುಗತೊಡಗಿ, ಹಲವು ನಿಮಿಷಗಳ ಕಾಲ ನಡುಗಿತು. ದೇವಾಲಯಗಳ ಕಮಾನುಗಳು ಪ್ರಾರ್ಥಿಸುತ್ತಿದ್ದವರ ಮೇಲೆಯೇ ಕುಸಿದವು. ಟ್ಯಾಗಸ್ ನದಿಯ ಮುಖದಲ್ಲಿ ಹಿಂದೆ ಸರಿದ ನೀರು ಬಳಿಕ ದಡ ಮೀರಿ ನುಗ್ಗಿತು. ಬೆಂಕಿ ಐದಾರು ದಿನ ಉರಿಯಿತು. ಮಡಿದವರು 30,000ಕ್ಕೂ ಹೆಚ್ಚೆಂದು ಹಲವು ಇತಿಹಾಸಕಾರರ ಅಂದಾಜು.

ದೈವಶಾಸ್ತ್ರದ ಪಠ್ಯಗಳಲ್ಲಿ ಈ ದುರಂತ ಸಾಮಾನ್ಯವಾಗಿ ವೋಲ್ಟೇರನ ಕವಿತೆಗೂ ಆಶಾವಾದದ ಖಂಡನೆಗೂ ಪೀಠಿಕೆಯಾಗಿ ಬರುತ್ತದೆ. ಕೆಡುಕಿನ ಸಮಸ್ಯೆಯನ್ನು ಬೋಧಿಸುವಾಗ ನಾವೂ ಬಹುಕಾಲ ಅದೇ ಜಾಡು ಹಿಡಿದಿದ್ದೆವು. ಆದರೆ ಈ ಭೂಕಂಪವು ಗುರುಗಳ ಕೈಯಿಂದಲೇ ಎರಡು ಬಗೆಯ ಬರಹಗಳನ್ನು ಬರೆಸಿತು. ಪೀಠದಿಂದ ಮಾತನಾಡುವ ನಮಗೆ ವೋಲ್ಟೇರನಿಗಿಂತ ಅವೇ ಹತ್ತಿರದವು.

ಮೊದಲನೆಯದು ಯೇಸುಸಭೆಯ ಗಾಬ್ರಿಯೆಲ್ ಮಾಲಾಗ್ರಿಡಾ ಅವರು 1756ರಲ್ಲಿ ಪ್ರಕಟಿಸಿದ ಕಿರುಹೊತ್ತಿಗೆ. ಬ್ರೆಜಿಲ್‌ನಲ್ಲಿ ದಶಕಗಳ ಕಾಲ ದುಡಿದಿದ್ದ ಈ ಧರ್ಮಪ್ರಚಾರಕರು, ನೈಸರ್ಗಿಕ ಕಾರಣಗಳನ್ನು ಮುಂದಿಡುವವರನ್ನು ಖಂಡಿಸಿ, ನಗರದ ನಾಶಕ್ಕೆ ಅದರ ಪಾಪಗಳೇ ಕಾರಣವೆಂದು ಸಾರಿದರು. 1761ರಲ್ಲಿ ವಿಚಾರಣಾ ಮಂಡಳಿಯ ತೀರ್ಪಿನಂತೆ ಅವರ ವಧೆಯಾಯಿತು. ಅದರ ಹಿಂದೆ ಇದ್ದದ್ದು ಮಂತ್ರಿ ಕಾರ್ವಾಲ್ಯೊ ಅವರ ರಾಜಕೀಯ ಹಗೆ. ಆ ಕ್ರೌರ್ಯಕ್ಕೆ ಸಮರ್ಥನೆಯಿಲ್ಲ. ಆದರೂ ವೃದ್ಧ ಗುರುವಿನ ಮೇಲಿನ ಮರುಕ ಅವರ ವಾದದ ದೋಷವನ್ನು ಮರೆಸಬಾರದು. ದೇವರು ದ್ವಿತೀಯ ಕಾರಣಗಳ ಮೂಲಕವೂ ಜಗತ್ತನ್ನು ಪಾಲಿಸುತ್ತಾರೆಂದು ಸಂತ ಥಾಮಸ್ ಅಕ್ವಿನಾಸರು ಐದು ಶತಮಾನಗಳ ಮೊದಲೇ ಬೋಧಿಸಿದ್ದರು. ಸಿಲೋವದ ಗೋಪುರ ಬಿದ್ದು ಸತ್ತವರನ್ನು ಉಳಿದವರಿಗಿಂತ ಹೆಚ್ಚು ಪಾಪಿಗಳೆಂದು ಎಣಿಸಲು ಪ್ರಭು ಒಪ್ಪಲಿಲ್ಲವೆಂಬುದು ಲೂಕನ ಶುಭಸಂದೇಶದ ಹದಿಮೂರನೆಯ ಅಧ್ಯಾಯದಲ್ಲಿದೆ.

ಎರಡನೆಯ ಬಗೆಯ ಬರಹಕ್ಕೆ ಇಂಥ ಹೆಸರಿಲ್ಲ. ಅದೇ ಕಾರ್ವಾಲ್ಯೊ, ಮುಂದೆ ಪೊಂಬಾಲ್‌ನ ಮಾರ್ಕ್ವಿಸ್ ಎನಿಸಿಕೊಂಡವರು, 1756ರ ಆರಂಭದಲ್ಲಿ ಧರ್ಮಕೇಂದ್ರಗಳ ಗುರುಗಳಿಗೆ ಒಂದು ಪ್ರಶ್ನಾವಳಿಯನ್ನು ಕಳುಹಿಸಿದರು. ಕಂಪನ ಯಾವ ಹೊತ್ತಿಗೆ ಆರಂಭವಾಯಿತು, ಎಷ್ಟು ಕಾಲ ಇತ್ತು? ಯಾವುದಾದರೊಂದು ದಿಕ್ಕಿನಿಂದ ಹೆಚ್ಚು ಬಲವಾಗಿತ್ತೇ? ಎಷ್ಟು ಮನೆಗಳು ಬಿದ್ದವು, ಎಷ್ಟು ಜನ ಸತ್ತರು? ಸಮುದ್ರ ಮೊದಲು ಏರಿತೋ ಇಳಿಯಿತೋ? ಬುಗ್ಗೆಗಳಲ್ಲಿ ಬದಲಾವಣೆ ಕಂಡಿತೇ? ನೆಲ ಬಿರಿಯಿತೇ? ಹೀಗೆ ಸಾಗುವ ಪ್ರಶ್ನೆಗಳಲ್ಲಿ ಪಾಪದ ಮಾತಿಲ್ಲ. ಆ ತಿಂಗಳುಗಳಲ್ಲಿ ಮೃತರನ್ನು ಹೂಳುತ್ತಿದ್ದವರೂ ದಾಖಲೆಪುಸ್ತಕದಲ್ಲಿ ಅವರ ಹೆಸರು ಬರೆಯುತ್ತಿದ್ದವರೂ ಇದೇ ಗುರುಗಳು. ಸತ್ತವರೆಷ್ಟು ಎಂಬ ಪ್ರಶ್ನೆಗೆ ಅವರು ಬರೆದ ಅಂಕಿಯ ಹಿಂದೆ ಅವರಿಗೆ ಗೊತ್ತಿದ್ದ ಮುಖಗಳಿದ್ದವು.

ದೂರದ ಇಂಗ್ಲೆಂಡಿನಲ್ಲಿ ಜಾನ್ ಮಿಚೆಲ್ ಎಂಬ ವಿದ್ವಾಂಸರು, ಮುಂದೆ ಥಾರ್ನ್‌ಹಿಲ್ ಊರಿನ ಆಂಗ್ಲಿಕನ್ ಗುರುವಾಗಿ ಬಾಳಿದವರು, ಲಿಸ್ಬನ್ ಭೂಕಂಪವನ್ನು ಕುರಿತು ಬೇರೆ ಬೇರೆ ಊರುಗಳಿಂದ ಬಂದಿದ್ದ ವರದಿಗಳ ಸಮಯಗಳನ್ನು ಹೋಲಿಸಿದರು. ಕಂಪನವು ಭೂಮಿಯೊಳಗೆ ಅಲೆಯಾಗಿ ಸಾಗುತ್ತದೆ, ಅದರ ವೇಗ ನಿಮಿಷಕ್ಕೆ ಇಪ್ಪತ್ತು ಮೈಲಿಗೂ ಹೆಚ್ಚು ಎಂದು 1760ರಲ್ಲಿ ರಾಯಲ್ ಸೊಸೈಟಿಯ ಮುಂದಿಟ್ಟರು. ಕಾರಣವನ್ನು ಮಾತ್ರ ಅವರು ಭೂಗರ್ಭದ ಬೆಂಕಿಗೆ ನೀರು ತಾಗಿ ಏಳುವ ಆವಿಯಲ್ಲಿ ಕಂಡರು. ಅದು ತಪ್ಪು. ವೇಗವನ್ನೂ ಬಹಳ ಕಡಿಮೆ ಎಣಿಸಿದ್ದರು. ಆದರೂ ಅಲೆ ಎಂಬ ಕಲ್ಪನೆ ನಿಂತಿತು.

ಇಂದು ನಾವು ತಿಳಿದಿರುವಂತೆ, ಭೂಫಲಕಗಳ ಚಲನೆಯಿಂದ ಬಂಡೆಗಳಲ್ಲಿ ಒತ್ತಡ ಕೂಡಿಕೊಳ್ಳುತ್ತದೆ. ತಾಳಲಾರದ ಹಂತದಲ್ಲಿ ಬಂಡೆಗಳು ಸ್ತರಭಂಗದ ಗುಂಟ ತಟ್ಟನೆ ಜಾರಿ, ಕೂಡಿದ ಶಕ್ತಿ ಅಲೆಗಳಾಗಿ ಹೊರಡುತ್ತದೆ. ಮೊದಲು ಬರುವುದು ಬಂಡೆಯನ್ನು ತಾನು ಸಾಗುವ ದಿಕ್ಕಿನಲ್ಲೇ ಒತ್ತಿ ಸಡಿಲಿಸುವ ಪ್ರಾಥಮಿಕ ಅಲೆ. ಅನಂತರ ಅಡ್ಡಡ್ಡಲಾಗಿ ಅಲುಗಿಸುವ ದ್ವಿತೀಯಕ ಅಲೆ. ಕಡೆಗೆ ಮೇಲ್ಮೈ ಅಲೆಗಳು. ಮಿಂಚಿಗೂ ಗುಡುಗಿಗೂ ನಡುವಿನ ಹೊತ್ತನ್ನೆಣಿಸಿ ಸಿಡಿಲಿನ ದೂರವನ್ನು ಅಂದಾಜಿಸುವಂತೆ, ಮೊದಲ ಎರಡು ಅಲೆಗಳ ನಡುವಿನ ಅಂತರದಿಂದ ಭೂಕಂಪದ ದೂರ ತಿಳಿಯುತ್ತದೆ. ಈ ಮೂರನ್ನೂ ದಾಖಲೆಗಳಲ್ಲಿ ಬೇರ್ಪಡಿಸಿ ತೋರಿಸಿದವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಿಚರ್ಡ್ ಓಲ್ಡ್‌ಹ್ಯಾಮ್. ಅವರಿಗೆ ಆಧಾರವಾದದ್ದು 1897ರ ಜೂನ್ 12ರ ಅಸ್ಸಾಂ ಭೂಕಂಪ. ಲಿಸ್ಬನ್ ನಡುಗಿದ ದಿನ ಸ್ಕಾಟ್ಲೆಂಡಿನ ಸರೋವರಗಳು ಗಾಳಿಯಿಲ್ಲದೆ ತುಯ್ದಾಡಿದ್ದಕ್ಕೆ ಮೇಲ್ಮೈ ಅಲೆಗಳೇ ಕಾರಣವೆಂಬುದು ಈಗ ಸುಲಭವಾಗಿ ಅರ್ಥವಾಗುತ್ತದೆ.

1755ರಲ್ಲಿ ಜಾರಿದ ಸ್ತರಭಂಗ ಯಾವುದೆಂಬ ವಿಷಯದಲ್ಲಿ ಮಾತ್ರ ಇನ್ನೂ ಒಮ್ಮತವಿಲ್ಲ. ಪೋರ್ಚುಗಲ್‌ನ ನೈರುತ್ಯಕ್ಕೆ, ಆಫ್ರಿಕಾ ಮತ್ತು ಯುರೇಷ್ಯಾ ಫಲಕಗಳು ಸಂಧಿಸುವ ಕಡಲತಳದಲ್ಲಿ ಅದನ್ನು ಹುಡುಕಲಾಗುತ್ತಿದೆ. ಅಲ್ಲಿ ಆಗ ಯಾವ ಮಾಪಕವೂ ಇರಲಿಲ್ಲ. ಆದ್ದರಿಂದ ಸಂಶೋಧಕರು ಲಿಸ್ಬನ್ನಿನ ತೊರೆ ದೊ ತೊಂಬೊ ರಾಷ್ಟ್ರೀಯ ದಾಖಲೆಗಾರದಲ್ಲಿ ಉಳಿದಿರುವ ಗುರುಗಳ ಉತ್ತರಗಳಿಗೆ ಮತ್ತೆ ಮತ್ತೆ ಮರಳುತ್ತಾರೆ: ಯಾವ ಊರಿನಲ್ಲಿ ಎಷ್ಟು ಮನೆ ಬಿತ್ತು, ಯಾವ ದಡದಲ್ಲಿ ನೀರು ಎಲ್ಲಿಯವರೆಗೆ ಬಂತು ಎಂದು.