ಕೂಸಿನ ಬಟ್ಟೆ, ಬೂಷ್ಟು ಮತ್ತು ಸವುಳು ಮಣ್ಣು: ಮಿಡಿಗೇಶಿ ಸೀಮೆಯ ಒಂದು ವಿಚಾರ

ನಮ್ಮ ನಾಡಿನ ಚರಿತ್ರೆಯನ್ನು ಬರೆದವರು ದುರ್ಗಗಳ ಮುತ್ತಿಗೆಯನ್ನೂ ಪಾಳೆಯಗಾರರ ವಂಶಾವಳಿಗಳನ್ನೂ ವಿಸ್ತಾರವಾಗಿ ನಿರೂಪಿಸಿದ್ದಾರೆ. ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ದಾರಿಯಲ್ಲಿರುವ ಮಿಡಿಗೇಶಿಯ ಗಿರಿದುರ್ಗವೂ ಈ ರೀತಿಯಲ್ಲಿಯೇ ಪ್ರಸಿದ್ಧವಾಗಿದೆ. 1678ರಲ್ಲಿ ಚಿಕ್ಕದೇವರಾಜ ಒಡೆಯರ ಸೈನ್ಯವು ಮಧುಗಿರಿಯೊಡನೆ ಇದನ್ನೂ ವಶಪಡಿಸಿಕೊಂಡಿತೆಂಬುದನ್ನು ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಆದರೆ ಆ ದುರ್ಗದ ಅಡಿಯ ಊರುಗಳಲ್ಲಿ ಹುಟ್ಟಿದ ಕೂಸುಗಳ ಬಟ್ಟೆಯನ್ನು ಯಾರು ಒಗೆದರು, ಯಾವುದರಿಂದ ಒಗೆದರು, ಮಳೆಗಾಲದಲ್ಲಿ ಅದಕ್ಕೆ ಬೂಷ್ಟು ಹಿಡಿಯದಂತೆ ಹೇಗೆ ಕಾಪಾಡಿದರು ಎಂದು ಕೇಳಿದವರು ವಿರಳ. ಪ್ರಶ್ನೆ ಅಲ್ಪವೆಂದು ತೋರಬಹುದು. ಆದರೆ ಪ್ರತಿಯೊಂದು ಮನೆಯಲ್ಲಿಯೂ ದಿನಕ್ಕೆ ಹಲವು ಬಾರಿ ನಡೆಯುತ್ತಿದ್ದ ಈ ಕೆಲಸದಲ್ಲಿ ಸೀಮೆಯ ಮಣ್ಣು, ನೀರು, ಜಾತಿವ್ಯವಸ್ಥೆ ಮತ್ತು ಸ್ತ್ರೀಯರ ದುಡಿಮೆ ಒಂದೆಡೆ ಸೇರುತ್ತವೆಂಬುದೇ ನಮ್ಮ ವಾದ.

ಮೊದಲು ಬೂಷ್ಟಿನ ಸ್ವರೂಪವನ್ನು ತಿಳಿಯಬೇಕು. ಅದು ಶಿಲೀಂಧ್ರ ಜಾತಿಯ ಸೂಕ್ಷ್ಮಜೀವಿ. ಅದರ ಬೀಜಾಣುಗಳು ಗಾಳಿಯಲ್ಲಿ ಎಲ್ಲೆಲ್ಲಿಯೂ ಉಂಟು. ತೇವವೂ ಆಹಾರವೂ ದೊರೆತಲ್ಲಿ ಅವು ಮೊಳೆಯುತ್ತವೆ. ಹತ್ತಿಯ ನೂಲು, ಅದರಲ್ಲಿ ಉಳಿದ ಗಂಜಿ, ಮೂತ್ರ, ಹಾಲಿನ ಅಂಶ, ತೊಳೆದುಹೋಗದ ಸಾಬೂನಿನ ಜಿಡ್ಡು ಇವೆಲ್ಲವೂ ಅದಕ್ಕೆ ಆಹಾರವೇ. ಒದ್ದೆ ಬಟ್ಟೆಯನ್ನು ಮುದ್ದೆಮಾಡಿ ಒಂದೆರಡು ದಿನ ಬಿಟ್ಟರೆ ಮುಗ್ಗಲು ವಾಸನೆ ತೋರಿ, ಆಮೇಲೆ ಕಪ್ಪು ಚುಕ್ಕೆಗಳು ಕಾಣಿಸಿಕೊಳ್ಳುತ್ತವೆ. ಜೀವಿಯನ್ನು ಕೊಲ್ಲುವುದು ಸುಲಭ. ಅದು ನೂಲಿನಲ್ಲಿ ಬಿಟ್ಟುಹೋದ ಬಣ್ಣವನ್ನು ತೆಗೆಯುವುದು ಕಷ್ಟ. ಆದುದರಿಂದ ನಿವಾರಣೆಗಿಂತಲೂ ತಡೆಯೇ ಮೇಲು.

ಮಧುಗಿರಿ, ಶಿರಾ, ಪಾವಗಡಗಳ ಬಯಲುಸೀಮೆಯು ಈ ತಡೆಗೆ ಎರಡು ಅನುಕೂಲಗಳನ್ನು ಒದಗಿಸಿತ್ತು. ಒಂದು, ಬಿಸಿಲು. ಇಲ್ಲಿಯ ವಾರ್ಷಿಕ ಮಳೆ ಸುಮಾರು 600 ಮಿಲಿಮೀಟರಿನ ಆಸುಪಾಸಿನಲ್ಲಿದ್ದು, ಮಲೆನಾಡಿನಂತೆ ತಿಂಗಳುಗಟ್ಟಲೆ ಬಟ್ಟೆ ಒಣಗದಿರುವ ಸ್ಥಿತಿ ಇಲ್ಲಿಲ್ಲ. ಎರಡನೆಯದು, ಸವುಳು ಮಣ್ಣು. ಒಣಸೀಮೆಯ ತಗ್ಗುಗಳಲ್ಲಿ ಬೇಸಗೆಯಲ್ಲಿ ನೆಲದ ಮೇಲೆ ಬೆಳ್ಳಗೆ ಉಬ್ಬಿ ಬರುವ ಈ ಕ್ಷಾರಮೃತ್ತಿಕೆಯಲ್ಲಿ ಸೋಡಿಯಂ ಕಾರ್ಬೊನೇಟು ಇರುತ್ತದೆ. 1800ರಲ್ಲಿ ಶಿರಾ, ಮಧುಗಿರಿಗಳ ಮೂಲಕ ಹಾದುಹೋದ ಫ್ರಾನ್ಸಿಸ್ ಬುಕಾನನನು 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಈ ಮಣ್ಣನ್ನು ಹೆಸರಿಸಿದ್ದಾನೆ. ಮತ್ತೋಡಿನ ಗಾಜಿನ ಬಳೆಗಳ ತಯಾರಿಕೆಯಲ್ಲಿಯೂ ಇಂತಹ ಕ್ಷಾರವೇ ಬಳಕೆಯಾಗುತ್ತಿತ್ತು.

ಅಗಸರು ಈ ಮಣ್ಣನ್ನು ನೀರಿನಲ್ಲಿ ಕದಡಿ, ತಿಳಿಯನ್ನು ಬಸಿದು, ಬಟ್ಟೆಗಳನ್ನು ಅದರಲ್ಲಿ ನೆನೆಸಿ, ನೀರು ಕುದಿಯುವ ಬಾನೆಯ ಬಾಯಿಯ ಮೇಲೆ ಸುತ್ತಲೂ ಒಟ್ಟಿ ರಾತ್ರಿಯೆಲ್ಲ ಹಬೆಯಾಡಿಸುತ್ತಿದ್ದರು. ಇದಕ್ಕೆ ಉಬ್ಬೆ ಎಂದು ಹೆಸರು. ಬೆಳಗ್ಗೆ ಕೆರೆಯ ಬಂಡೆಗೆ ಒಗೆದು, ಜಾಲಿಸಿ, ಬಿಸಿಲಿಗೆ ಹರವುವರು. ಇಂದಿನ ವಿಜ್ಞಾನದೃಷ್ಟಿಯಿಂದ ನೋಡಿದರೆ ಈ ಕ್ರಮದ ಪ್ರತಿಯೊಂದು ಹಂತವೂ ಸಾರ್ಥಕವಾದುದು. ಕ್ಷಾರವು ಜಿಡ್ಡನ್ನು ಕರಗಿಸಿ ಬೂಷ್ಟಿಗೆ ಆಹಾರವಿಲ್ಲದಂತೆ ಮಾಡುತ್ತದೆ; ಹಬೆಯ ಶಾಖವು ಬೀಜಾಣುಗಳನ್ನು ನಾಶಪಡಿಸುತ್ತದೆ; ಬಿಸಿಲು ತೇವವನ್ನು ಹೀರಿ, ಕಲೆಯನ್ನು ಸ್ವಲ್ಪಮಟ್ಟಿಗೆ ಮಾಸಿಸುತ್ತದೆ.

ಆದರೆ ಈ ಜ್ಞಾನವನ್ನು ಧರಿಸಿದ್ದವರ ಸ್ಥಾನವೇನು? 1810ರಲ್ಲಿ ತನ್ನ ಮೈಸೂರು ಚರಿತ್ರೆಯ ಮೊದಲ ಸಂಪುಟವನ್ನು ಪ್ರಕಟಿಸಿದ ಮಾರ್ಕ್ ವಿಲ್ಕ್ಸನು ಗ್ರಾಮದ ಹನ್ನೆರಡು ಮಂದಿ ಆಯಗಾರರಲ್ಲಿ ಅಗಸನನ್ನೂ ಎಣಿಸಿದ್ದಾನೆ. ಸುಗ್ಗಿಯಲ್ಲಿ ಕಣದಿಂದ ಅವನಿಗೆ ಧಾನ್ಯದ ಪಾಲು ಸಲ್ಲುತ್ತಿತ್ತು. ಹನ್ನೆರಡನೆಯ ಶತಮಾನದ ಮಡಿವಾಳ ಮಾಚಿದೇವರು ಇದೇ ಕಾಯಕವನ್ನು ಕೈಗೊಂಡು ಶರಣರಲ್ಲಿ ಪೂಜ್ಯರಾದರು. ಹೀಗಿದ್ದರೂ ಪುರುಡಿನ ಬಟ್ಟೆಯನ್ನು ಮನೆಯವರು ಮುಟ್ಟಬಾರದೆಂಬ ಕಟ್ಟುಪಾಡಿನಿಂದ, ಬಾಣಂತಿಯ ಮತ್ತು ಎಳೆಗೂಸಿನ ಮೈಲಿಗೆಯೆಲ್ಲವೂ ಅಗಸಗಿತ್ತಿಯ ಪಾಲಿಗೆ ಬರುತ್ತಿತ್ತು. ಎಲ್ಲರಿಗೂ ಮಡಿಯನ್ನು ಒದಗಿಸುವವಳನ್ನೇ ಮೈಲಿಗೆಯವಳೆಂದು ದೂರವಿರಿಸಿದ ಈ ವೈಪರೀತ್ಯವನ್ನು ಚರಿತ್ರೆಯ ವಿದ್ಯಾರ್ಥಿಗಳು ಮರೆಯಲಾಗದು. ಆಯದ ಲೆಕ್ಕದಲ್ಲಿ ಕಾಣುವ ಹೆಸರು ಗಂಡಸಿನದು. ಕೂಸಿನ ಬಟ್ಟೆಯನ್ನು ಒಗೆದ ಕೈ ಹೆಂಗಸಿನದು.

ಪುರುಡು ಕಳೆದ ಮೇಲೆ ಆ ಕೆಲಸ ಮನೆಯ ಹೆಂಗಸರಿಗೆ ಸೇರುತ್ತಿತ್ತು. ಹಳೆಯ ಸೀರೆ, ಪಂಚೆಗಳನ್ನು ಹರಿದು ಮಾಡಿದ ಮೆತ್ತನೆಯ ತುಂಡುಗಳೇ ಕೂಸಿನ ಬಟ್ಟೆ. ತೆಳುವಾದ ಒಂಟಿಪದರದ ಬಟ್ಟೆ ಬೇಗ ಒಣಗುವುದರಿಂದ ಈ ಬಡತನದ ಉಪಾಯವೇ ಬೂಷ್ಟಿಗೆ ಒಳ್ಳೆಯ ತಡೆಯಾಯಿತು. ಸೀಗೆ, ಅಂಟುವಾಳಗಳು ತೊಳೆಯಲು ಒದಗುತ್ತಿದ್ದುವು. ಮೋಡ ಕವಿದ ದಿನಗಳಲ್ಲಿ ಕೆಂಡದ ಮೇಲೆ ಮಂಕರಿಯನ್ನು ಬೋರಲು ಹಾಕಿ, ಅದರ ಮೇಲೆ ಬಟ್ಟೆಯನ್ನು ಹರವಿ, ಸಾಂಬ್ರಾಣಿಯ ಹೊಗೆ ಕೊಡುವ ಪದ್ಧತಿಯೂ ಉಂಟು. ಇಲ್ಲಿ ಫಲ ಮುಖ್ಯವಾಗಿ ಶಾಖದಿಂದ ಬಂದುದು, ಪರಿಮಳದಿಂದಲ್ಲ.

ಇದೇ ಕಾಲಾವಧಿಯಲ್ಲಿ ಯೂರೋಪಿನಲ್ಲಿ ಬೇರೊಂದು ಬೆಳವಣಿಗೆ ನಡೆಯಿತು. 1774ರಲ್ಲಿ ಷೀಲೆಯು ಕ್ಲೋರಿನನ್ನು ಕಂಡುಹಿಡಿದನು. 1785ರಲ್ಲಿ ಬೆರ್ತೊಲೆಯು ಅದರ ಬಿಳುಪುಕಾರಕ ಗುಣವನ್ನು ಪ್ರಕಟಿಸಿದನು. 1799ರಲ್ಲಿ ಚಾರ್ಲ್ಸ್ ಟೆನೆಂಟನು ಬ್ಲೀಚಿಂಗ್ ಪೌಡರಿಗೆ ಹಕ್ಕುಪತ್ರ ಪಡೆದನು. 1888ರಲ್ಲಿ ಸನ್‌ಲೈಟ್ ಸಾಬೂನು ಕಲ್ಕತ್ತೆಗೆ ಬಂದಿಳಿಯಿತು. 1918ರ ಸುಮಾರಿಗೆ ಬೆಂಗಳೂರಿನ ಸರ್ಕಾರಿ ಕಾರ್ಖಾನೆಯಲ್ಲಿ ಸಾಬೂನು ತಯಾರಾಗತೊಡಗಿತು. ಸಾಬೂನು ಊರೂರಿಗೆ ಹಬ್ಬಿದಂತೆ ಸವುಳು ಮಣ್ಣೂ ಉಬ್ಬೆಯೂ ಹಿಂದೆ ಸರಿದುವು. ಆದರೆ ಕೊಳವೆಬಾವಿಗಳ ಗಡುಸು ನೀರಿನಲ್ಲಿ ಸಾಬೂನು ಸುಣ್ಣದ ಅಂಶದೊಡನೆ ಸೇರಿ ನೂಲಿನಲ್ಲಿ ಜಿಡ್ಡಾಗಿ ನಿಲ್ಲುತ್ತದೆ. ನೀಲಿಯು ಬಟ್ಟೆಯ ಹಳದಿಯನ್ನು ಮರೆಮಾಡುವುದೇ ಹೊರತು ಬೂಷ್ಟನ್ನು ತೆಗೆಯದು.

ಈ ಚರಿತ್ರೆಯಿಂದ ದೊರೆಯುವ ವ್ಯವಹಾರಜ್ಞಾನ ಸರಳವಾದುದು. ಕೂಸಿನ ಬಟ್ಟೆಯನ್ನು ಒದ್ದೆಯಾಗಿ ಕೂಡಿಡಬಾರದು. ಕುದಿನೀರಿನಲ್ಲಿ ವಾಷಿಂಗ್ ಸೋಡಾ ಹಾಕಿ ನೆನೆಸಿ, ಹಲವು ನೀರಿನಲ್ಲಿ ಜಾಲಿಸಿ, ಪೂರ್ಣವಾಗಿ ಒಣಗಿಸಿಯೇ ಮಡಿಸಬೇಕು. ಕಲೆ ನಿಂತ ಬಿಳಿಯ ಹತ್ತಿಬಟ್ಟೆಗೆ ಬ್ಲೀಚಿಂಗ್ ಪೌಡರಿನ ತೆಳುವಾದ ತಿಳಿ ಸಾಕು. ಆಮೇಲೆ ಅದರ ವಾಸನೆ ಹೋಗುವವರೆಗೂ ತೊಳೆಯಬೇಕು. ಅದರೊಡನೆ ನಿಂಬೆರಸವನ್ನಾಗಲಿ ಹುಳಿಯನ್ನಾಗಲಿ ಎಂದಿಗೂ ಬೆರೆಸಬಾರದು, ವಿಷಾನಿಲ ಹೊರಡುತ್ತದೆ. ಇಷ್ಟಾದರೂ ಚುಕ್ಕೆ ಹರಡುತ್ತಿರುವ ಬಟ್ಟೆಯನ್ನು ಕೂಸಿಗೆ ಬಳಸದಿರುವುದೇ ಲೇಸು.

ಕೆರೆಯ ಬಂಡೆಗಳಿಗೆ ಶಾಸನಗಳಿಲ್ಲ. ಉಬ್ಬೆಯ ಬಾನೆಗಳನ್ನು ವಸ್ತುಸಂಗ್ರಹಾಲಯಗಳು ಸಾಮಾನ್ಯವಾಗಿ ಕೂಡಿಡುವುದೂ ಇಲ್ಲ. ಈ ವಿದ್ಯೆಯನ್ನು ಬಲ್ಲ ವೃದ್ಧರು ಇರುವಾಗಲೇ ಅವರ ಮಾತನ್ನು ಬರೆದಿಟ್ಟುಕೊಳ್ಳುವುದು ನಮ್ಮ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಕೈಗೊಳ್ಳಬಹುದಾದ ಕಾರ್ಯ. ದುರ್ಗವನ್ನು ಗೆದ್ದವರ ಹೆಸರು ನಮಗೆ ಗೊತ್ತು. ಅದರ ನೆರಳಿನಲ್ಲಿ ತಲೆಮಾರುಗಳ ಕೂಸುಗಳನ್ನು ಶುಚಿಯಾಗಿರಿಸಿದವರ ಬಾಳೂ ಚರಿತ್ರೆಯಲ್ಲಿ ಸೇರಬೇಕಾದುದು ನ್ಯಾಯ.